ಇನ್ನೂರರ ನೋಟಿನ ಮೇಲಿನ ಮುಖ

ಚಳಿಗಾಲದ ಕೋಟನ್ನು ಕಪಾಟಿನಿಂದ ಹೊರಗೆ ತೆಗೆದಾಗ ಅದರ ಒಳಜೇಬಿನಲ್ಲಿ ಇನ್ನೂರು ಕ್ರೋನರ್‌ ನೋಟೊಂದು ಸಿಕ್ಕಿತು. ಯಾವ ವರ್ಷ ಇಟ್ಟದ್ದೋ, ಯಾಕೆ ಇಟ್ಟದ್ದೋ ನೆನಪಿಲ್ಲ. ಸ್ಟಾಕ್‌ಹೋಮಿನಲ್ಲಿ ಕಾಗದದ ಹಣ ಮುಟ್ಟದೆ ವರ್ಷಗಳೇ ಕಳೆದಿವೆ. ಎಣಿಸದೆ ಸಿಕ್ಕ ದುಡ್ಡನ್ನು ಕೂಡಲೇ ತಿಂದು ಮುಗಿಸಬೇಕು, ಇಟ್ಟುಕೊಂಡರೆ ಆಸ್ಪತ್ರೆಗೆ ಹೋಗುತ್ತದೆ ಎಂದು ನಮ್ಮ ಆಯಿ ಹೇಳುತ್ತಾಳೆ. ಹಾಗಾಗಿ ಬೀದಿಯ ತುದಿಯ ಬೇಕರಿಗೆ ಹೋದೆ. ಅಲ್ಲಿ ಏಲಕ್ಕಿ ಹಾಕಿದ ಬನ್ನು ಮಾಡುತ್ತಾರೆ. ಒಲೆಯಿಂದ ತೆಗೆದ ಹೊತ್ತಿಗೆ ಹೋದರೆ, ನಮ್ಮ ಊರಿನ ಯಾವುದೋ ಮದುವೆ ಮನೆಯ ಹಿತ್ತಿಲ ಬಾಗಿಲಲ್ಲಿ ನಿಂತ ಹಾಗಾಗುತ್ತದೆ. ಎರಡು ಬನ್ನು, ಒಂದು ಕಾಫಿ ಹೇಳಿ ನೋಟು ಚಾಚಿದೆ. ಕೌಂಟರಿನ ಹುಡುಗಿ ಹಲ್ಲಿ ಕಂಡವಳ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡಳು. ಗೋಡೆಯ ಫಲಕದ ಕಡೆ ಬೆರಳು ತೋರಿಸಿದಳು. ಇಲ್ಲಿ ನಗದು ನಡೆಯುವುದಿಲ್ಲ.

"ಪಾಪ, ಬರ್ಗ್‌ಮನ್‌ನನ್ನು ಇನ್ನೊಂದು ಸಲ ಹೊರಗೆ ಹಾಕಿದರು" ಎಂದು ನನ್ನ ಹಿಂದೆ ನಿಂತಿದ್ದ ಮುದುಕರೊಬ್ಬರು ನಕ್ಕರು.

ಸಾಲಿನಲ್ಲಿ ನಿಂತ ಸ್ವೀಡನ್ನಿನವರು ಗುರುತಿಲ್ಲದವರನ್ನು ಮಾತನಾಡಿಸುವುದೆಂದರೆ ಅಘನಾಶಿನಿ ಮೇಲ್ಮುಖವಾಗಿ ಹರಿದ ಹಾಗೆ. ಹದಿನಾರು ವರ್ಷದಲ್ಲಿ ನನಗೆ ಇದು ನಾಲ್ಕನೆಯ ಸಲವೋ ಐದನೆಯ ಸಲವೋ ಇರಬೇಕು. ಆ ಖುಷಿಗೆ ನೋಟನ್ನು ತಿರುಗಿಸಿ ನೋಡಿದೆ. ಹೌದು, ಇಂಗ್ಮಾರ್ ಬರ್ಗ್‌ಮನ್, ಸ್ವೀಡನ್ನಿನ ಹೆಸರಾಂತ ಸಿನಿಮಾ ನಿರ್ದೇಶಕ. ಹಿಂಬದಿಯಲ್ಲಿ ಆತ ಬದುಕಿದ ಸಮುದ್ರತೀರದ ಕಲ್ಲುಕಂಬಗಳು. ಇಷ್ಟು ವರ್ಷ ಈ ನೋಟಿನ ಮೇಲೆ ಯಾರಿದ್ದಾರೆಂದು ನಾನು ಗಮನಿಸಿಯೇ ಇರಲಿಲ್ಲ. ನಾವಿಬ್ಬರೂ ಕಿಟಕಿಯ ಬಳಿಯ ಮೇಜಿನಲ್ಲಿ ಕುಳಿತೆವು. ಅವರು ಹೇಳಿದರು, ನಾನು ಬನ್ನು ತಿಂದೆ.

1976ರ ಜನವರಿ 30. ಊರ ನಡುವಿನ ರಾಯಲ್ ಡ್ರಾಮಾಟಿಕ್ ಥಿಯೇಟರಿನಲ್ಲಿ ಬರ್ಗ್‌ಮನ್ ಸ್ಟ್ರಿಂಡ್‌ಬರ್ಗನ ನಾಟಕದ ತಾಲೀಮು ನಡೆಸುತ್ತಿದ್ದ. (ಈ ದೇಶದಲ್ಲಿ ಪ್ರಧಾನಿಯನ್ನೂ ಏಕವಚನದಲ್ಲೇ ಕರೆಯುತ್ತಾರೆ. ನನ್ನ ಕನ್ನಡಕ್ಕೂ ಆ ಚಟ ಹತ್ತಿದೆ, ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.) ಮಫ್ತಿಯಲ್ಲಿದ್ದ ಇಬ್ಬರು ಪೊಲೀಸರು ಬಂದು ತಾಲೀಮಿನ ನಡುವೆಯೇ ಅವನನ್ನು ವಿಚಾರಣೆಗೆ ಕರೆದುಕೊಂಡು ಹೋದರು. ಅವನ ಸ್ವೀಡನ್ನಿನ ಕಂಪನಿಗೂ ಅದು ಸ್ವಿಟ್ಜರ್ಲೆಂಡಿನಲ್ಲಿ ತೆರೆದಿದ್ದ ಮರಿ ಕಂಪನಿಗೂ ನಡುವೆ ನಡೆದ ಐದು ಲಕ್ಷ ಕ್ರೋನರ್‌ಗಳ ವ್ಯವಹಾರದಲ್ಲಿ ತೆರಿಗೆ ತಪ್ಪಿಸಿದ್ದಾನೆ ಎಂಬುದು ಆರೋಪ. ಪಾಸ್‌ಪೋರ್ಟ್ ಕಿತ್ತುಕೊಂಡರು. ಸಾವನ್ನೇ ಚದುರಂಗಕ್ಕೆ ಕೂರಿಸಿ ಸಿನಿಮಾ ತೆಗೆದ ಮನುಷ್ಯ ತೆರಿಗೆಯವರ ಮುಂದೆ ಕುಸಿದುಬಿದ್ದ, ಮನೋರೋಗದ ವಾರ್ಡು ಸೇರಿದ. ಎರಡು ತಿಂಗಳೂ ತುಂಬುವ ಮೊದಲೇ ಪ್ರಾಸಿಕ್ಯೂಟರು ಪ್ರಕರಣ ಕೈಬಿಟ್ಟರು. ತನ್ನದೇ ಕಾರನ್ನು ಬೇರೆಯವರದೆಂದುಕೊಂಡು ಕದ್ದವನ ಮೇಲೆ ಮೊಕದ್ದಮೆ ಹೂಡಿದಂತಾದೀತು ಎಂಬರ್ಥದ ಮಾತು ಹೇಳಿದರಂತೆ. ಅಷ್ಟು ಹೊತ್ತಿಗೆ ಮನಸ್ಸು ಮುರಿದಾಗಿತ್ತು. ಏಪ್ರಿಲ್‌ನಲ್ಲಿ ಪತ್ರಿಕೆಯೊಂದಕ್ಕೆ ಬಹಿರಂಗ ಪತ್ರ ಬರೆದು ಬರ್ಗ್‌ಮನ್ ದೇಶ ಬಿಟ್ಟ. ಅಲ್ಲಿ ಇಲ್ಲಿ ತಿರುಗಿ ಕೊನೆಗೆ ಮ್ಯೂನಿಕ್‌ನಲ್ಲಿ ಬಿಡಾರ ಹೂಡಿದ.

ಬೇಕರಿಯ ಮುದುಕರು ಆಗ ವಿದ್ಯಾರ್ಥಿಯಂತೆ. "ನಮಗೆಲ್ಲ ನಾಚಿಕೆಯಾಗಿತ್ತು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆದರೆ ತೆರಿಗೆ ಕೊಡುವುದನ್ನು ನಿಲ್ಲಿಸಲಿಲ್ಲ" ಎಂದೂ ಸೇರಿಸಿದರು.

ಅದೇ ವರ್ಷದ ಮಾರ್ಚಿನಲ್ಲಿ ಇನ್ನೊಬ್ಬಳಿಗೆ ಬಿಸಿ ತಟ್ಟಿತು. ಆಸ್ಟ್ರಿಡ್ ಲಿಂಡ್‌ಗ್ರೆನ್, ಮಕ್ಕಳ ಕತೆಗಳ ಅಜ್ಜಿ, ಆಗ ಅರವತ್ತೆಂಟರ ಪ್ರಾಯ. ಸ್ವಂತ ದುಡಿಮೆಯವಳಾದ್ದರಿಂದ ಆದಾಯ ತೆರಿಗೆಯ ಮೇಲೆ ಇನ್ನೊಂದು ಕಡ್ಡಾಯ ವಂತಿಗೆಯೂ ಬಿದ್ದು, ಹೆಚ್ಚುವರಿಯಾಗಿ ಗಳಿಸಿದ ಪ್ರತಿ ನೂರಕ್ಕೆ ನೂರಾ ಎರಡು ಕೊಡಬೇಕು ಎಂಬ ಲೆಕ್ಕ ಬಂತು. ನೂರು ಗಳಿಸಿದರೆ ಎರಡು ಕೈಯಿಂದ ಹಾಕಬೇಕು! ಅಜ್ಜಿ ಊರು ಬಿಡಲಿಲ್ಲ, ವಕೀಲರ ಹತ್ತಿರವೂ ಹೋಗಲಿಲ್ಲ. ಕತೆ ಬರೆದಳು. ಮೋನಿಸ್ಮೇನಿಯಾ ಎಂಬ ದೇಶದ ಪಾಂಪೆರಿಪೊಸ್ಸ ಎಂಬ ಲೇಖಕಿಯ ಕತೆ. ಮಾರ್ಚ್ 10ರಂದು 'ಎಕ್ಸ್‌ಪ್ರೆಸ್ಸೆನ್' ಪತ್ರಿಕೆಯಲ್ಲಿ ಅದು ಬಂದಾಗ ಹಣಕಾಸು ಸಚಿವ ಗುನ್ನಾರ್ ಸ್ಟ್ರೆಂಗ್, ಆಕೆಗೆ ಕತೆ ಹೇಳಲು ಬರುತ್ತದೆ, ಲೆಕ್ಕ ಬರುವುದಿಲ್ಲ ಎಂದು ಸಂಸತ್ತಿನಲ್ಲಿ ಕುಹಕವಾಡಿದ. ಕತೆ ಹೇಳುವುದು ಆತನಿಗೂ ಬರುತ್ತದೆ, ಲೆಕ್ಕವೇ ಬಾರದು, ನಾವಿಬ್ಬರೂ ಕೆಲಸ ಅದಲು ಬದಲು ಮಾಡಿಕೊಳ್ಳೋಣ ಎಂದಳು ಅಜ್ಜಿ. ಆಮೇಲೆ ನೋಡಿದರೆ ಲೆಕ್ಕ ಅಜ್ಜಿಯದೇ ಸರಿ ಇತ್ತು. ಸೆಪ್ಟೆಂಬರಿನ ಚುನಾವಣೆಯಲ್ಲಿ, ನಾಲ್ಕು ದಶಕಗಳಿಂದ ಅಧಿಕಾರದಲ್ಲಿದ್ದ ಸೋಶಿಯಲ್ ಡೆಮಾಕ್ರಟರು ಸೋತರು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೆ ಈ ಊರಿನಲ್ಲಿ ಯಾರನ್ನು ಕೇಳಿದರೂ ಮೊದಲು ಹೇಳುವುದು ಅಜ್ಜಿಯ ಕತೆಯನ್ನೇ.

ಅಜ್ಜಿಯ ಮನೆ ದಾಲಾಗಾತನ್ ಬೀದಿಯ 46ನೇ ನಂಬರು, ಎದುರಿಗೆ ಉದ್ಯಾನ. 1941ರಲ್ಲಿ ಅಲ್ಲಿಗೆ ಬಂದವಳು 2002ರಲ್ಲಿ ಅದೇ ಮನೆಯಲ್ಲಿ ತೀರಿಕೊಂಡಳು. ಮಗಳು ಚಿಕ್ಕವಳಿದ್ದಾಗ ಆ ಉದ್ಯಾನಕ್ಕೆ ಎಷ್ಟೋ ಸಲ ಕರೆದುಕೊಂಡು ಹೋಗಿದ್ದೇನೆ.

ಈಗ ನನ್ನ ಕೈಯಲ್ಲಿದ್ದ ಸ್ವಾರಸ್ಯ ನೋಡಿ. 2015ರಲ್ಲಿ ಹೊಸ ನೋಟು ಅಚ್ಚು ಹಾಕಿಸಿದಾಗ ಸ್ವೀಡನ್ನಿನ ಕೇಂದ್ರ ಬ್ಯಾಂಕು ಇಪ್ಪತ್ತರ ಮೇಲೆ ಲಿಂಡ್‌ಗ್ರೆನ್‌ಳನ್ನೂ ಇನ್ನೂರರ ಮೇಲೆ ಬರ್ಗ್‌ಮನ್‌ನನ್ನೂ ಕೂರಿಸಿತು. ತೆರಿಗೆಯವರೊಂದಿಗೆ ಜಗಳ ಕಾದ ಇಬ್ಬರು, ಒಬ್ಬಳು ಇದ್ದು ಬೈದವಳು, ಒಬ್ಬ ಬೈದು ಹೋದವನು, ಇಬ್ಬರ ಮುಖವೂ ಸರ್ಕಾರದ ದುಡ್ಡಿನ ಮೇಲೆ. ಇದನ್ನು ಕಂಡು ನನಗೆ ಹಿಗ್ಗಾಯಿತು. ಜೊತೆಗೆ ಹೋದ ಜನವರಿಯ ಒಂದು ಅವಮಾನವೂ ನೆನಪಾಯಿತು. ನಿಜ ಹೇಳಬೇಕೆಂದರೆ ಈ ಬರಹ ಹುಟ್ಟಿದ್ದು ಆ ಅವಮಾನದಿಂದ. ನೋಟು ಬರೀ ನೆಪ.

ಜನವರಿಯಲ್ಲಿ ಸಿದ್ದಾಪುರಕ್ಕೆ ಹೋಗಿದ್ದೆ. ಜಗಲಿಯ ಹಳೆಯ ಗಾರೆ ಎದ್ದು ಹೋಗಿದೆ, ಟೈಲ್ಸ್ ಹಾಕಿಸು ಎಂದು ಆಯಿ ಮೂರು ವರ್ಷದಿಂದ ಹೇಳುತ್ತಿದ್ದಳು. ಸೋದರಮಾವನನ್ನು ಕರೆದುಕೊಂಡು ಪೇಟೆಗೆ ಹೋದೆ. ಆರಿಸಿದ್ದಾಯಿತು, ಚೌಕಾಸಿ ಮಾಡಿದ್ದಾಯಿತು, ಚಹಾ ಬಂತು. ಕೊನೆಗೆ ಅಂಗಡಿಯವನು ಪೆನ್ನು ಹಿಡಿದು, ಸಕ್ಕರೆ ಎಷ್ಟು ಚಮಚ ಎಂದು ಕೇಳುವಷ್ಟೇ ಸಲೀಸಾಗಿ ಕೇಳಿದ: "ಬಿಲ್ಲು ಹಾಕಲೇ, ಹಾಗೇ ಕೊಡಲೇ?"

"ಬಿಲ್ಲು ಹಾಕಿ" ಎಂದೆ.

ಅವನು ನನ್ನನ್ನು ಬಿಟ್ಟು ಮಾವನ ಮುಖ ನೋಡಿದ. ಮಾವ, "ಫಾರಿನ್ನಿನಲ್ಲಿ ಇರುವವನು, ತಿಳಿಯುವುದಿಲ್ಲ, ನೀನು ಬೇಜಾರು ಮಾಡಿಕೊಳ್ಳಬೇಡ" ಎಂದು ನನ್ನ ಪರವಾಗಿ ಕ್ಷಮೆ ಕೇಳಿದರು. ಕಾರು ಹತ್ತಿದ ಮೇಲೆ, "ಸುಮ್ಮನೆ ಹನ್ನೆರಡು ಸಾವಿರ ದಂಡ ಮಾಡಿಕೊಂಡೆಯಲ್ಲೋ ತಮ್ಮಾ" ಎಂದು ನಿಜವಾಗಿಯೂ ನೊಂದುಕೊಂಡರು. ಸಂಜೆಯ ಹೊತ್ತಿಗೆ ಈ ಸುದ್ದಿ ಕೇರಿಯಲ್ಲೆಲ್ಲ ಹಬ್ಬಿತ್ತು. ಬಿಲ್ಲು ಹಾಕಿಸಿಕೊಂಡ ಮಾಣಿ ಎಂದು ನೋಡಲು ಬಂದವರೂ ಇದ್ದರು. ನಮ್ಮ ಕಡೆ ಅಡಿಕೆಯಲ್ಲಿ 'ಎರಡನೇ ನಂಬರು' ಎಂದರೆ ಯಾರೂ ದನಿ ತಗ್ಗಿಸುವುದಿಲ್ಲ. ನಿವೇಶನ ಮಾರುವಾಗ ಕಾಗದದ ಮೇಲೆ ಎಷ್ಟು, ಕೈಮೇಲೆ ಎಷ್ಟು ಎಂದು ಮಗಳ ಮದುವೆಯ ಮಾತುಕತೆಯ ಹಾಗೆ ಹಿರಿಯರೇ ಕುಳಿತು ತೀರ್ಮಾನಿಸುತ್ತಾರೆ. ತೆರಿಗೆ ಕೊಟ್ಟವನನ್ನು ಕಳ್ಳನೆಂದು ಯಾರೂ ಕರೆಯುವುದಿಲ್ಲ, ನಿಜ. ಪೆದ್ದ ಎನ್ನುತ್ತಾರೆ. ಅದು ಇನ್ನೂ ಹೆಚ್ಚು ನೋಯುತ್ತದೆ.

ಅಲ್ಲಿಂದ ನನ್ನ ತಲೆ ಈ ಲೆಕ್ಕದ ಕಡೆ ಓಡಿತು. 1973-74ರಲ್ಲಿ ಭಾರತದಲ್ಲಿ ಎರಡು ಲಕ್ಷ ರೂಪಾಯಿ ಮೀರಿದ ಆದಾಯದ ಮೇಲಿನ ತೆರಿಗೆ, ಸರ್‌ಚಾರ್ಜೂ ಸೇರಿ, ಶೇಕಡಾ 97.75 ಇತ್ತು. ನೂರರಲ್ಲಿ ಕೈಗೆ ಉಳಿಯುವುದು ಎರಡೂ ಕಾಲು ರೂಪಾಯಿ. ಬರ್ಗ್‌ಮನ್ ದೇಶ ಬಿಟ್ಟದ್ದಕ್ಕಿಂತ ಮೂರೇ ವರ್ಷ ಹಿಂದಿನ ಮಾತು. ಆ ಲೆಕ್ಕದಲ್ಲಿ ನಮ್ಮ ನಟನಟಿಯರು, ಹಾಡುಗಾರರು, ಸಂಗೀತ ನಿರ್ದೇಶಕರೆಲ್ಲ ಸಾಲುಗಟ್ಟಿ ಹಡಗು ಹತ್ತಬೇಕಿತ್ತು. ಹತ್ತಿದರೆಂದು ನಾನು ಕೇಳಿಲ್ಲ. ಯಾಕೆ ಹತ್ತಬೇಕು? ಮನುಷ್ಯ ಇದ್ದಲ್ಲೇ ಇದ್ದ, ದುಡ್ಡು ಮಾತ್ರ ಖಾತೆ ಪುಸ್ತಕ ಬಿಟ್ಟು ಎದ್ದು ಹೋಯಿತು. ಚಿತ್ರರಂಗದಲ್ಲಿ ಬಿಳಿ ಎಷ್ಟು, ಕರಿ ಎಷ್ಟು ಎಂಬುದು ಆ ಕಾಲದಲ್ಲಿ ಗುಟ್ಟಿನ ಮಾತೇ ಆಗಿರಲಿಲ್ಲ. ಮುಂದಿನ ವರ್ಷ ದರವನ್ನು 77ಕ್ಕೆ ಇಳಿಸಿದರೂ ಹೋದ ದುಡ್ಡು ಮರಳಿ ಪುಸ್ತಕಕ್ಕೆ ಬರಲಿಲ್ಲ, ಅದಕ್ಕೆ ಹೊರಗಿನ ಗಾಳಿ ಒಗ್ಗಿಹೋಗಿತ್ತು.

ಆದ್ದರಿಂದ ಶ್ರೀಮಂತ ಕಲಾವಿದರು ತೆರಿಗೆಗೆ ಹೆದರಿ ದೇಶ ಬಿಟ್ಟರು ಎಂಬ ಸುದ್ದಿ ಓದಿದಾಗಲೆಲ್ಲ ನನಗೆ ಮೊದಲು ಅನಿಸುವುದು ಆ ದೇಶದ ತೆರಿಗೆಯವರ ಬಗ್ಗೆ ಗೌರವ. ಅಲ್ಲಿ ತೆರಿಗೆ ನಿಜವಾಗಿಯೂ ವಸೂಲಾಗುತ್ತದೆ, ಇದ್ದು ತಪ್ಪಿಸಿಕೊಳ್ಳುವ ದಾರಿ ಇಲ್ಲ, ಅದಕ್ಕೇ ಗಂಟುಮೂಟೆ ಕಟ್ಟಿದರು. ಓಡಿಹೋಗುವುದೂ ಒಂದು ಬಗೆಯ ಪ್ರಾಮಾಣಿಕತೆಯೇ. ಕೊಡಲಾರೆ ಎಂದು ಎಲ್ಲರ ಎದುರು ಹೇಳಿ, ಅದರ ಬೆಲೆಯನ್ನೂ ತೆತ್ತ ಹಾಗಾಯಿತು. ನಮ್ಮಲ್ಲಿ ಬೆಲೆ ತೆರುವ ಪ್ರಮೇಯವೇ ಬರುವುದಿಲ್ಲ. ದೇಶಭಕ್ತಿಯ ಪಾತ್ರವನ್ನೂ ಮಾಡಬಹುದು, ಸಂಭಾವನೆಯ ಅರ್ಧವನ್ನು ಚೀಲದಲ್ಲೂ ಒಯ್ಯಬಹುದು.

ಇಲ್ಲಿನ ರೀತಿ ಹೇಗೆಂದರೆ, ಮುಚ್ಚಿಡಲು ಜಾಗವೇ ಇಲ್ಲ. ಯಾರ ಆದಾಯ ಎಷ್ಟೆಂದು ತೆರಿಗೆ ಇಲಾಖೆಗೆ ಫೋನ್ ಮಾಡಿ ಕೇಳಿದರೆ ಹೇಳುತ್ತಾರೆ. ಹೊಸದಾಗಿ ಬಂದಾಗ ಇದನ್ನು ಕೇಳಿ ನನಗೆ ಮೈ ಜುಮ್ಮೆಂದಿತ್ತು; ಆಚೆ ಮನೆಯವನ ಸಂಬಳ ತಿಳಿಯಲು ನಮ್ಮಲ್ಲಿ ಎಷ್ಟು ಸುತ್ತು ಬಳಸಿ ಹೆಂಗಸರು ಗಂಡಸರೆಲ್ಲ ಶ್ರಮ ಪಡುತ್ತಾರೆ! ಜನನ, ಮದುವೆ, ವಿಳಾಸ ಎಲ್ಲದರ ದಾಖಲೆಯೂ ಅದೇ ಇಲಾಖೆಯ ಕೈಯಲ್ಲಿದೆ. ಮಗಳು ಹುಟ್ಟಿದಾಗ ಮಗುವಿನ ಹೆಸರೇನು ಎಂದು ಕಾಗದ ಬಂದದ್ದು ತೆರಿಗೆ ಕಚೇರಿಯಿಂದ. ಆಯಿಗೆ ಅದನ್ನು ಹೇಳಿದಾಗ, "ತೊಟ್ಟಿಲಿಗೆ ಹಾಕುವ ಮೊದಲೇ ಕಂದಾಯವೇ?" ಎಂದು ಗಾಬರಿಯಾಗಿದ್ದಳು. ಸ್ವೀಡಿಷ್ ಭಾಷೆಯಲ್ಲಿ 'ಸ್ಕಾಟ್' ಎಂದರೆ ತೆರಿಗೆ, ನಿಧಿ ಎಂಬ ಅರ್ಥವೂ ಅದಕ್ಕುಂಟು, ಪ್ರೀತಿಯವರನ್ನು ಕರೆಯುವುದೂ ಅದೇ ಮಾತಿನಲ್ಲಿ. ನಮ್ಮ ಗಾದೆಯಲ್ಲಿ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ. ಇಲ್ಲಿಯವರು ಸುಂಕವನ್ನೇ ಚಿನ್ನ ರನ್ನ ಎನ್ನುತ್ತಾರೆ.

ಎಪ್ಪತ್ತರ ದಶಕದ ಆ ಸುಂಕದ ನಡುವೆ ನಗೆ ತರಿಸುವ ಸಂಗತಿಗಳೂ ಇದ್ದವು. ಇಲ್ಲಿನ ಹೆಸರಾಂತ ಪಾಪ್ ಹಾಡಿನ ಆಬಾ ತಂಡದವರು ವೇದಿಕೆಯ ಮೇಲೆ ಹಾಕುತ್ತಿದ್ದ ಆ ಮಿರಿಮಿರಿ ಬಟ್ಟೆಗಳ ಹಿಂದೆ ತೆರಿಗೆಯ ಲೆಕ್ಕವೂ ಇತ್ತೆಂದು ತಂಡದ ಬ್ಯೋರ್ನ್ ಉಲ್ವೇಯಸ್ ಹೇಳಿದ್ದಾನೆ. ಬೀದಿಯಲ್ಲಿ ಹಾಕಿಕೊಂಡು ತಿರುಗಲಾಗದಷ್ಟು ವಿಚಿತ್ರವಾಗಿದ್ದರೆ ಮಾತ್ರ ಬಟ್ಟೆಯ ಖರ್ಚನ್ನು ಆದಾಯದಿಂದ ಕಳೆಯಬಹುದಿತ್ತು. ನಮ್ಮ ಯಕ್ಷಗಾನದ ಬಣ್ಣದ ವೇಷದವರು ಇಲ್ಲಿ ಹುಟ್ಟಿದ್ದರೆ ಕಡತ ತೆರೆಯದೆಯೇ ಸಹಿ ಬೀಳುತ್ತಿತ್ತು.

ಬೇರೆ ದೇಶಗಳ ಓಟದ ಕತೆಗಳು ನನಗೆ ಇಷ್ಟು ರುಚಿಸುವುದಿಲ್ಲ. ರೋಲಿಂಗ್ ಸ್ಟೋನ್ಸ್ ಎಂಬ ರಾಕ್ ಹಾಡಿನ ತಂಡ 1971ರಲ್ಲಿ ಬ್ರಿಟನ್ ಬಿಟ್ಟು ದಕ್ಷಿಣ ಫ್ರಾನ್ಸಿನ ಕಡಲತೀರದ ಬಂಗಲೆ ಹೊಕ್ಕಿತು. ಬ್ರಿಟನ್ನಿನಲ್ಲಿ ಆಮೇಲೆ 1974ರಿಂದ ದುಡಿಮೆಯ ಮೇಲಿನ ಗರಿಷ್ಠ ದರ 83 ಆಯಿತು, ಹೂಡಿಕೆಯ ಆದಾಯದ ಮೇಲೆ 98. ಹೋದವರ ಪಟ್ಟಿಯೂ ಬೆಳೆಯಿತು. ಫ್ರಾನ್ಸಿನ ನಟ ಜೆರಾರ್ ದಪಾರ್ದ್ಯು 2012ರಲ್ಲಿ ಗಡಿಯಾಚೆ ಬೆಲ್ಜಿಯಂನ ಹಳ್ಳಿಯಲ್ಲಿ ಮನೆ ಮಾಡಿದ. ಅದು ಫ್ರಾನ್ಸ್ ಹತ್ತು ಲಕ್ಷ ಯೂರೋ ದಾಟಿದ ಗಳಿಕೆಗೆ ಶೇಕಡಾ 75 ತೆರಿಗೆ ಹಾಕಲು ಹೊರಟಿದ್ದ ಕಾಲ. ಅಲ್ಲಿನ ಪ್ರಧಾನಿ ಅವನದು ಕ್ಷುದ್ರ ನಡತೆ ಎಂದರು, ಅವನು ಪಾಸ್‌ಪೋರ್ಟನ್ನೇ ವಾಪಸು ಕೊಡುತ್ತೇನೆ ಎಂದ, ಹೊಸ ವರ್ಷಕ್ಕೆ ಪುಟಿನ್ ರಷ್ಯಾದ ಪೌರತ್ವ ಕೊಟ್ಟರು. ಅತ್ತ ಆ ತೆರಿಗೆಯನ್ನು ಸಂವಿಧಾನ ಮಂಡಳಿ ಡಿಸೆಂಬರಿನಲ್ಲೇ ತಳ್ಳಿಹಾಕಿತ್ತು. ಅದು ತೆರಿಗೆಯ ಕತೆಗಿಂತ ಹೆಚ್ಚಾಗಿ ಒಂದು ಬಯಲಾಟ. ಇವೆಲ್ಲಕ್ಕೆ ಉಲ್ಟಾ ಐರ್ಲೆಂಡು. ಕಲಾವಿದರು ಹೋಗುವುದಿರಲಿ, ಬರಲಿ ಎಂದು 1969ರಲ್ಲೇ ಬರಹಗಾರರ, ಚಿತ್ರಕಾರರ, ಸಂಗೀತಗಾರರ ಸೃಷ್ಟಿಯ ಗಳಿಕೆಗೆ ತೆರಿಗೆ ಮನ್ನಾ ಮಾಡಿತು. ದೊಡ್ಡ ಕುಳಗಳೂ ಅದರ ಕೆಳಗೆ ನುಸುಳಿದ ಮೇಲೆ ಮಿತಿ ಹಾಕಬೇಕಾಯಿತು, ಈಗ ವರ್ಷಕ್ಕೆ 50,000 ಯೂರೋ ತನಕ ಮಾತ್ರ.

ಬರ್ಗ್‌ಮನ್ ಬೇರೆ. ಅವನು ತೆರಿಗೆ ಉಳಿಸಲು ಹೋಗಲಿಲ್ಲ, ಮಾನ ಹೋಯಿತೆಂದು ಹೋದ. ಹೋಗಿ ಕಳೆದುಕೊಂಡದ್ದೇನು? ಭಾಷೆ. ಮ್ಯೂನಿಕ್‌ನಲ್ಲಿ ನಟರಿಗೆ ಜರ್ಮನ್ ಭಾಷೆಯಲ್ಲಿ ಹೇಳಿಕೊಡಬೇಕು. ಒಂದು ಮಾತಿನ ಒತ್ತು ಎಲ್ಲಿ ಬೀಳಬೇಕು, ಯಾವ ಶಬ್ದದ ನಂತರ ಉಸಿರು ನಿಲ್ಲಬೇಕು ಎಂಬುದರಲ್ಲೇ ಜೀವ ಸವೆಸಿದವನಿಗೆ ಅದು ಎಂಥ ಶಿಕ್ಷೆಯೆಂದು ನನಗೆ ಸ್ವಲ್ಪ ಗೊತ್ತು. ನಾನು ಕಲಾವಿದನಲ್ಲ, ಕಿಸ್ತಾದಲ್ಲಿ ದೂರಸಂಪರ್ಕದ ಕೆಲಸ ಮಾಡುವವನು. ಆದರೂ ಕಚೇರಿಯಲ್ಲಿ ಒಂದು ತಮಾಷೆ ಹೇಳಬೇಕೆಂದಾಗ ಅದು ಮೊದಲು ಕನ್ನಡದಲ್ಲಿ ಬರುತ್ತದೆ, ಸ್ವೀಡಿಷ್‌ಗೆ ತಿರುಗಿಸುವಷ್ಟರಲ್ಲಿ ಎಲ್ಲರೂ ಬೇರೆ ಮಾತಿಗೆ ಹೋಗಿರುತ್ತಾರೆ. ಬರ್ಗ್‌ಮನ್ ಎಂಬತ್ತರ ದಶಕದಲ್ಲಿ ಮರಳಿ ಬಂದ. ಸತ್ತದ್ದು 2007ರಲ್ಲಿ, ನೋಟಿನ ಹಿಂಬದಿಯಲ್ಲಿರುವ ಅದೇ ಕಲ್ಲುಗಳ ನಾಡಿನಲ್ಲಿ.

ಎದುರಿಗೆ ನಿಂತು ಕೊಡುವುದಿಲ್ಲ ಎನ್ನುವುದು ನಮ್ಮವರಿಗೆ ಬಾರದ ವಿದ್ಯೆಯಲ್ಲ, ಸಿಟ್ಟು ಎಷ್ಟೇ ಇದ್ದರೂ ಇದನ್ನು ಹೇಳದಿದ್ದರೆ ಸಿದ್ದಾಪುರದ ಮಣ್ಣು ನನ್ನನ್ನು ಕ್ಷಮಿಸುವುದಿಲ್ಲ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪು ಮಾಡಿದ ಮೇಲೆ ಕರನಿರಾಕರಣೆ ಬಂತು. ಅಂಕೋಲೆ, ಸಿದ್ದಾಪುರದ ರೈತರು ಭೂಕಂದಾಯ ಕೊಡುವುದಿಲ್ಲ ಎಂದು ಕುಳಿತರು. ತೋಟ ಮನೆ ಹರಾಜಾಯಿತು. ಹರಾಜಿನಲ್ಲಿ ಹಿಡಿದವರ ಮನೆ ಮುಂದೆ ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕುಳಿತರು. ನಮ್ಮ ಅಜ್ಜಿ ಈ ಕತೆಗಳನ್ನು ಹೇಳುತ್ತಿದ್ದಳು, ಕವಳ ಹಾಕಿಕೊಂಡು, ಹೆಸರು ಹೆಸರು ಹಿಡಿದು. ಭಾರತದ ನೋಟಿನ ಮೇಲಿರುವ ಮುದುಕನೂ ಒಂದು ಹಿಡಿ ಉಪ್ಪಿನ ತೆರಿಗೆಗಾಗಿ ದಂಡಿಗೆ ನಡೆದವನೇ ಅಲ್ಲವೇ? ಲಿಂಡ್‌ಗ್ರೆನ್ ಅಜ್ಜಿಯನ್ನು ಕಂಡಾಗ ನನಗೆ ಆತ್ಮೀಯವೆನಿಸುವುದು ಇದಕ್ಕೇ ಇರಬಹುದು. ಅದೇ ಊರಿನ ಮೂರನೆಯ ತಲೆಮಾರು ಈಗ ಬಿಲ್ಲು ಬೇಡ ಎಂದು ಕಣ್ಣು ಮಿಟುಕಿಸುತ್ತದೆ. ಅವರು ಕೊಡದೆ ತೋಟ ಕಳೆದುಕೊಂಡರು, ನಾವು ಕೊಡದೆ ಜಗಲಿಗೆ ಟೈಲ್ಸ್ ಹಾಕಿಸುತ್ತೇವೆ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ವಾದ ಗೆದ್ದಂತಿತ್ತು. ಹೆಂಡತಿ ಓದಿ, "ಎಕ್ಸ್‌ಪರ್ಟ್ ತೆರಿಗೆಯ ವಿಷಯ ಬರೆದಿಲ್ಲವಲ್ಲ" ಎಂದಳು.

ಸರಿ, ಬರೆಯುತ್ತೇನೆ. 2009ರಲ್ಲಿ ನಾನು ಇಲ್ಲಿಗೆ ಬಂದಾಗ, ಹೊರದೇಶದ ಪರಿಣತರಿಗೆಂದು ಇರುವ ರಿಯಾಯಿತಿಯಲ್ಲಿ ಮೊದಲ ಮೂರು ವರ್ಷ ನನ್ನ ಸಂಬಳದ ಕಾಲು ಭಾಗಕ್ಕೆ ತೆರಿಗೆಯೇ ಇರಲಿಲ್ಲ. ಅದನ್ನು ಕೇಳಿಯೇ ಬಂದೆ ಎಂದರೂ ತಪ್ಪಿಲ್ಲ. ಪಕ್ಕದ ಮೇಜಿನಲ್ಲಿ ಅದೇ ಕೆಲಸ ಮಾಡುತ್ತಿದ್ದ ಸ್ವೀಡನ್ನಿನವನು ಪೂರ್ತಿ ಕೊಡುತ್ತಿದ್ದ, ನಾನು ಕೊಡುತ್ತಿರಲಿಲ್ಲ, ನಾಚಿಕೆಯೂ ಆಗಿರಲಿಲ್ಲ. ತೆರಿಗೆಗಾಗಿ ದೇಶ ಬಿಟ್ಟವರು ಎಂದು ಬೇರೆಯವರ ಪಟ್ಟಿ ಮಾಡುವಾಗ ನನ್ನ ಹೆಸರು ತಾನಾಗಿ ಕೈತಪ್ಪಿ ಹೋಗಿತ್ತು.

ಈ ದೇಶವೂ ಹಳೆಯ ಹಾಗೆ ಉಳಿದಿಲ್ಲ. ಪಿತ್ರಾರ್ಜಿತದ ಮೇಲಿನ ತೆರಿಗೆ 2004ರ ಕೊನೆಗೆ ಹೋಯಿತು, ಸಂಪತ್ತಿನ ಮೇಲಿನ ತೆರಿಗೆ 2007ರಲ್ಲಿ ಹೋಯಿತು. 1973ರಲ್ಲೇ ಹೊರಗೆ ಹೋಗಿದ್ದ, ಪೀಠೋಪಕರಣ ಮಾರುವ ಐಕಿಯಾ ಕಂಪನಿಯ ಯಜಮಾನ 2014ರಲ್ಲಿ ಮರಳಿ ಬಂದ. ಹೋದವರನ್ನು ಕರೆದುಕೊಳ್ಳಲು ದೇಶವೇ ನಾಲ್ಕು ಹೆಜ್ಜೆ ಅವರ ಕಡೆ ನಡೆದಿದೆ, ಆದರೆ ನನ್ನಂಥ ಸಂಬಳದವನ ಮೂರನೆಯ ಒಂದು ಭಾಗ ಹಾಗೆಯೇ ಹೋಗುತ್ತಿದೆ, ಮೇಲೆ ಕೊಂಡದ್ದಕ್ಕೆಲ್ಲ ಬಹುಪಾಲು ಕಾಲು ಭಾಗ ಬೇರೆ. ಸೋಡರ್‌ಮಾಲ್ಮ್‌ನಲ್ಲಿ ತೆರಿಗೆ ಇಲಾಖೆಯ ಎತ್ತರದ ಕಟ್ಟಡವಿತ್ತು, ಜನ ಅದನ್ನು ತೆರಿಗೆ ಗೋಪುರ ಎನ್ನುತ್ತಿದ್ದರು. ಈಗ ಅದು ವಿದ್ಯಾರ್ಥಿಗಳ ವಸತಿ. ಧಾರವಾಡದ ಹುಡುಗನೊಬ್ಬ ಅಲ್ಲಿ ಬಾಡಿಗೆಗಿದ್ದಾನೆ, ಯುಗಾದಿಗೆ ಮನೆಗೆ ಬಂದಿದ್ದ. ಕೋಣೆ ಚಿಕ್ಕದು, ನೋಟ ಚೆನ್ನಾಗಿದೆ ಎಂದ.

ಬರ್ಗ್‌ಮನ್ ವಿಷಯದಲ್ಲಂತೂ ವಸೂಲಿಯವರು ತಪ್ಪು ಮಾಡಿದರು, ಅದೂ ದೊಡ್ಡ ತಪ್ಪು. ನಾನು ಮೆಚ್ಚುವ ಆ ಬಿಗಿ ಯಂತ್ರ ಒಬ್ಬ ಮನುಷ್ಯನನ್ನು ಆಸ್ಪತ್ರೆಗೆ ಹಾಕಿತು. ನಮ್ಮಲ್ಲಿ ಅವನು ಯಾರಿಗಾದರೂ ಹೇಳಿಸಿ, ಕಡತವನ್ನು ಕಪಾಟಿನ ತಳಕ್ಕೆ ಕಳಿಸಿ, ಮಧ್ಯಾಹ್ನ ತಾಲೀಮು ಮುಂದುವರಿಸುತ್ತಿದ್ದ. ಹಾಗಾಗಿದ್ದರೆ ಒಳ್ಳೆಯದಿತ್ತೇ ಎಂದು ಕೇಳಿದರೆ ಇಲ್ಲ ಎನ್ನಲು ನನ್ನ ಬಾಯಿ ತಡವರಿಸುತ್ತದೆ. ಮತ್ತೆ, ನಮ್ಮ ಕಲಾವಿದರು ಇದ್ದಲ್ಲೇ ಇದ್ದರೆಂದು ಹೀಯಾಳಿಸಿದೆನಲ್ಲ, ಆ ಕಾಲದಲ್ಲಿ ದುಡ್ಡು ಕಟ್ಟಿಕೊಂಡು ದೇಶ ದಾಟಲು ವಿದೇಶಿ ವಿನಿಮಯದ ಕಾನೂನು ಎಲ್ಲಿ ಬಿಡುತ್ತಿತ್ತು? ಹೋಗುವುದಕ್ಕೂ ಅನುಕೂಲ ಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ಅಪ್ಪಯ್ಯನನ್ನು ಮರೆತಿದ್ದೆ. ನಲವತ್ತು ವರ್ಷಕ್ಕೆ ಹತ್ತಿರ ಸರ್ಕಾರಿ ಶಾಲೆಯ ಮಾಸ್ತರಿಕೆ, ಕೊನೆಯ ಆರು ವರ್ಷ ಮುಖ್ಯೋಪಾಧ್ಯಾಯರು. ಅವರಿಗೆ ಯಾರೂ ಬಿಲ್ಲು ಬೇಕೇ ಬೇಡವೇ ಎಂದು ಕೇಳಲಿಲ್ಲ. ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಕಡಿದು ಬರುತ್ತಿತ್ತು, ಕಡಿದದ್ದಕ್ಕೆ ಪುರಾವೆಯಾಗಿ ಕಚೇರಿಯಿಂದ ಫಾರಂ ಹದಿನಾರು. ಫೆಬ್ರವರಿ ಬಂತೆಂದರೆ ನೀಲಿ ರೆಕ್ಸಿನ್ ಚೀಲ ಹಿಡಿದು ಪೋಸ್ಟ್ ಆಫೀಸಿಗೆ ಹೋಗಿ ಉಳಿತಾಯ ಪತ್ರ ಕೊಳ್ಳುವುದು, ಎಲ್‌ಐಸಿ ರಸೀದಿ ಜೋಡಿಸುವುದು, ಬಿಇಒ ಕಚೇರಿಗೆ ಮೂರು ಸಲ ಅಲೆಯುವುದು. ಕೇರಿಯ ಸಾಹುಕಾರರು ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲವೆಂದು ಹಾಯಾಗಿ ಕವಳ ಹಾಕುತ್ತಿದ್ದಾಗ, ಅಡಿಕೆ ತೋಟವಿಲ್ಲದ ಮಾಸ್ತರು ಮಾತ್ರ ಪೈಸೆ ಪೈಸೆ ಲೆಕ್ಕ ಕೊಟ್ಟರು. ಮಳೆಗಾಲದಲ್ಲಿ ಅವರ ಶಾಲೆ ಸೋರುತ್ತಿತ್ತು. ನಾನು ನಮ್ಮಲ್ಲಿ ಎಲ್ಲರೂ ತಪ್ಪಿಸುತ್ತಾರೆ ಎಂದು ಬರೆಯುವಾಗ ಆ 'ಎಲ್ಲರೂ' ಒಳಗೆ ಅವರಿಲ್ಲ. ಅವರಂಥ ಎಷ್ಟು ಜನ ಇಲ್ಲವೋ. ಈಗಂತೂ ತಂಗಿ ಬೆಂಗಳೂರಿನಲ್ಲಿ ಮೊಬೈಲಿನಲ್ಲೇ ರಿಟರ್ನ್ ತುಂಬುತ್ತಾಳೆ, ಹೋದ ಸಲ ಮರುಪಾವತಿ ಎರಡು ವಾರದೊಳಗೆ ಬಂತೆಂದಳು. ನನ್ನದು ಇಲ್ಲಿ ಅಷ್ಟು ಬೇಗ ಬಂದಿರಲಿಲ್ಲ.

ಬೇಕರಿಯಿಂದ ಬಂದ ದಿನವೇ ಊರಿಗೆ ವಿಡಿಯೋ ಕರೆ ಮಾಡಿದೆ. ಇಲ್ಲಿ ಮಧ್ಯಾಹ್ನ ಮೂರೂವರೆ, ಆಗಲೇ ಕತ್ತಲು. ಅಲ್ಲಿ ರಾತ್ರಿ ಎಂಟು, ಅಪ್ಪಯ್ಯ ಊಟ ಮುಗಿಸಿ ಹೊಸ ಟೈಲ್ಸಿನ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡಿದ್ದರು. ಕಾಲಿಗೆ ತಂಪು ಹತ್ತುತ್ತದೆ, ಗಾರೆಯೇ ಚೆನ್ನಾಗಿತ್ತು ಎಂದು ದೂರಿದರು. ನಾನು ಇನ್ನೂರರ ನೋಟನ್ನು ಕ್ಯಾಮೆರಾದ ಮುಂದೆ ಹಿಡಿದೆ.

"ಯಾರು ಇವರು? ಅಲ್ಲಿನ ರಾಜರೋ?"

"ಅಲ್ಲ ಅಪ್ಪಯ್ಯ, ಸಿನಿಮಾ ಮಾಡುವವನು. ತೆರಿಗೆ ಕಟ್ಟಿಲ್ಲವೆಂದು ಪೊಲೀಸರು ಹಿಡಿದುಕೊಂಡು ಹೋದರು. ತಪ್ಪಿರಲಿಲ್ಲ. ಆದರೂ ಬೇಜಾರಾಗಿ ದೇಶ ಬಿಟ್ಟ."

ಅಪ್ಪಯ್ಯ ಕನ್ನಡಕ ಏರಿಸಿ ಆ ಮುಖವನ್ನು ಬಹಳ ಹೊತ್ತು ನೋಡಿದರು. ನಂತರ ನಿಜವಾದ ಕನಿಕರದಿಂದ ಕೇಳಿದರು:

"ಅಯ್ಯೋ ಪಾಪ, ಅವರ ಕಚೇರಿಯಲ್ಲಿ ಫಾರಂ ಹದಿನಾರು ಕೊಟ್ಟಿರಲಿಲ್ಲವೇ?"